ಹೆಪಟೈಟಿಸ್ ಬಿ: ಲೋಟ ಬೇರೆ ಮಾಡಬೇಡಿ, ರೇಜರ್ ಬೇರೆ ಮಾಡಿ

ಶ್ರೀನಗರದ ಬಾಡಿಗೆ ಮನೆಯಲ್ಲಿ ನಾವು ಮೂರು ಜನ ಇದ್ದೆವು. ಒಬ್ಬನಿಗೆ ಹೊಸ ಕೆಲಸಕ್ಕೆ ಸೇರುವ ಮುಂಚೆ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂತು, ಅಂದರೆ ಲಿವರ್‌ಗೆ ತಗಲುವ ಹೆಪಟೈಟಿಸ್ ಬಿ ವೈರಸ್ ಸೋಂಕು. ಅವತ್ತು ರಾತ್ರಿಯೇ ಅವನ ಲೋಟಕ್ಕೆ ಕೆಂಪು ದಾರ ಕಟ್ಟಿ ಬೇರೆ ಇಟ್ಟೆವು. ಬಚ್ಚಲ ಕಿಟಕಿ ಮೇಲೆ ಮೂವರೂ ಬಳಸುವ ಒಂದೇ ಟ್ರಿಮ್ಮರ್ ಇತ್ತು, ಅದರ ಹಲ್ಲಿನ ಸಂದಿಯಲ್ಲಿ ಮೂವರ ಗಡ್ಡದ ಕೂದಲೂ ಇತ್ತು, ಅದರ ಮೇಲೆ ಮಾತ್ರ ಯಾರ ಕಣ್ಣೂ ಬೀಳಲಿಲ್ಲ.

ನಮಗೆ ಎಂಜಲು ಅಂದರೆ ಭಯ. ಈ ವೈರಸ್‌ಗೆ ಬೇಕಾಗಿರೋದು ರಕ್ತ. ರಕ್ತದಲ್ಲಿ, ಗಾಯದಿಂದ ಸೋರುವ ನೀರಿನಲ್ಲಿ ಅದು ಎಲ್ಲಕ್ಕಿಂತ ಜಾಸ್ತಿ. ವೀರ್ಯ ಮತ್ತು ಯೋನಿಯ ದ್ರವದಲ್ಲೂ ಹರಡುವಷ್ಟು ಇರುತ್ತದೆ, ಹಾಗಾಗಿ ಕಾಂಡೋಮ್ ಬೇಕು. ಜೊಲ್ಲಿನಲ್ಲಿ ಕಡಿಮೆ. ಒಂದೇ ತಟ್ಟೆಯಲ್ಲಿ ಉಂಡರೆ, ಕೆಮ್ಮಿದರೆ, ತಬ್ಬಿಕೊಂಡರೆ ಬರಲ್ಲ, ಆದರೆ ರಕ್ತ ಬರುವ ಹಾಗೆ ಕಚ್ಚಿದರೆ ಬರಬಹುದು. ಬೆವರು, ಕಣ್ಣೀರು, ಮೂತ್ರದಲ್ಲಿ ರಕ್ತ ಬೆರೆಯದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಸೊಳ್ಳೆಯಿಂದಲೂ ಹರಡಲ್ಲ.

ಹಾಗಾದರೆ ಬೇರೆ ಇಡಬೇಕಾದದ್ದು ರೇಜರ್, ಟ್ರಿಮ್ಮರ್, ನೇಲ್ ಕಟರ್, ಹಲ್ಲುಜ್ಜುವ ಬ್ರಷ್. ಬ್ರಷ್ ಯಾಕೆ ಅಂದರೆ ವಸಡಿನಿಂದ ರಕ್ತ ಬರುತ್ತದಲ್ವಾ, ಅದಕ್ಕೆ. ಒಣಗಿದ ರಕ್ತದಲ್ಲೂ ಈ ವೈರಸ್ ಕನಿಷ್ಠ 7 ದಿನ ಬದುಕಿರುತ್ತದೆ, ಕಣ್ಣಿಗೆ ಕಾಣದಷ್ಟು ಚೂರು ರಕ್ತವೂ ಸಾಕು. ಕಟಿಂಗ್ ಶಾಪ್‌ನಲ್ಲಿ ಹೊಸ ಬ್ಲೇಡ್ ಮುರಿದು ಹಾಕೋದನ್ನು ಕಣ್ಣಾರೆ ನೋಡಿ. ಅದನ್ನು ಎಲ್ಲರೂ ಹೇಳುತ್ತಾರೆ. ಶೇವಿಂಗ್ ಆದ ಮೇಲೆ ಕೆನ್ನೆಗೆ ಉಜ್ಜುವ ಪಟಿಕದ ಗಟ್ಟಿ ಇದೆಯಲ್ಲ, ನಿಮಗಿಂತ ಮುಂಚೆ ಬಂದವರ ಗೀರಿದ ಗಾಯಕ್ಕೂ ಅದನ್ನೇ ಉಜ್ಜಿರುತ್ತಾರೆ. ಬೇಡ ಅನ್ನಿ.

ನೆಲದ ಮೇಲೆ ರಕ್ತ ಬಿದ್ದರೆ ಗ್ಲೌಸ್ ಹಾಕಿಕೊಂಡು ಮೊದಲು ಪೇಪರ್‌ನಲ್ಲಿ ಒರೆಸಿ ತೆಗೆಯಿರಿ. ಆಮೇಲೆ ಒಂದು ಪಾಲು ಲಿಕ್ವಿಡ್ ಬ್ಲೀಚ್‌ಗೆ ಒಂಬತ್ತು ಪಾಲು ನೀರು ಬೆರೆಸಿ ಅಲ್ಲಿ ಸುರಿದು ಹತ್ತು ನಿಮಿಷ ಬಿಡಿ. ಬಾತ್‌ರೂಮ್ ಆಸಿಡ್ ಜೊತೆ ಮಾತ್ರ ಬ್ಲೀಚ್ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ.

ಇನ್ನು ಲಸಿಕೆ ಹಾಕಿಸಿಕೊಳ್ಳದವರಿಗೆ ಸೋಂಕಿರುವವರ ರಕ್ತ ಹತ್ತಿದ ಸೂಜಿ ಚುಚ್ಚಿತು ಅಂದುಕೊಳ್ಳಿ. ವೈರಸ್ ಅಂಟುವ ಸಾಧ್ಯತೆ ಶೇಕಡಾ 6ರಿಂದ 30, ಎಚ್‌ಐವಿಗಾದರೆ ಇದು ಶೇಕಡಾ 0.3 ಅಷ್ಟೇ. ಗಾಯ ಹಿಂಡಬೇಡಿ, ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಲಸಿಕೆ, ಬೇಕಾದರೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ ವಿರುದ್ಧ ಸಿದ್ಧ ರಕ್ಷಣೆ ಕೊಡುವ) ಇಂಜೆಕ್ಷನ್, 24 ಗಂಟೆಯೊಳಗೆ ಬಿದ್ದರೆ ಒಳ್ಳೆಯದು. ನಾಳೆ ನೋಡೋಣ ಅನ್ನಬೇಡಿ. ಗರ್ಭಿಣಿಗೆ ಪಾಸಿಟಿವ್ ಇದ್ದರೂ ಇದೇ ಲೆಕ್ಕ: ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಇವೆರಡೂ ಸಿಕ್ಕರೆ ಎದೆಹಾಲು ಧಾರಾಳವಾಗಿ ಕೊಡಬಹುದು.

ಊರಿನಿಂದ ಫೋನ್ ಬರುತ್ತದೆ, ಕಾಮಾಲೆಗೆ ಸೊಪ್ಪಿನ ಔಷಧಿ ಕೊಡಿಸಿ ಅಂತ. ನಮಗೂ ಬಂತು. ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಕಾಮಾಲೆ ಸಾಮಾನ್ಯವಾಗಿ ತಾನಾಗೇ ವಾಸಿಯಾಗುತ್ತದೆ, ವಾಸಿ ಮಾಡಿದ ಹೆಸರು ಮಾತ್ರ ಆ ಸೊಪ್ಪಿನ ಔಷಧಿಗೆ ಬರುತ್ತದೆ. ಬಿ ಹಾಗಲ್ಲ, ಕಣ್ಣು ಹಳದಿಯಾಗದೆ ವರ್ಷಗಟ್ಟಲೆ ಸುಮ್ನೆ ಲಿವರ್‌ನಲ್ಲಿ ಕೂತಿರಬಹುದು. ಲಿವರ್ ಡಾಕ್ಟರ ಹತ್ತಿರ ಹೋಗಿ. 2018ರಲ್ಲಿ ಶುರುವಾದ ಕೇಂದ್ರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಮಾತ್ರೆ ಎರಡೂ ಉಚಿತ, ದೊಡ್ಡ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ.

ಜೊತೆಯಲ್ಲಿರುವವರೂ ರಕ್ತ ಪರೀಕ್ಷೆ ಮಾಡಿಸಬೇಕು. ನಮ್ಮಿಬ್ಬರದೂ ನೆಗೆಟಿವ್ ಬಂತು, ಲಸಿಕೆ ಶುರು ಮಾಡಿದೆವು. ಇವತ್ತೊಂದು, ಒಂದು ತಿಂಗಳಾದ ಮೇಲೆ ಇನ್ನೊಂದು, ಆರನೇ ತಿಂಗಳಿಗೆ ಮೂರನೆಯದು. ಎಲ್ಲರೂ ಮರೆಯೋದು ಆ ಮೂರನೆಯದನ್ನೇ, ಮೊದಲನೆಯದು ಹಾಕಿಸಿಕೊಂಡ ದಿನವೇ ಮೊಬೈಲಲ್ಲಿ ರಿಮೈಂಡರ್ ಇಟ್ಟುಬಿಡಿ.