ಕಳೆದುಹೋದ ದಾಖಲಾತಿ ಪುಸ್ತಕ, ಹದಿನೇಳು ಟಿಸಿ: ಹಳ್ಳಿ ಶಾಲೆಯ ಇತಿಹಾಸ ಬರೆದ ಅನುಭವ

ಹಳೇ ಮೈಸೂರು ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆ. ಮಕ್ಕಳಿಲ್ಲದೆ 2014ರಲ್ಲಿ ಪಕ್ಕದೂರಿನ ಶಾಲೆಯ ಜೊತೆ ಸೇರಿಹೋಯಿತು. ಇದರ ಇತಿಹಾಸ ಬರೆಯುತ್ತೇನೆಂದಾಗ ಈ ಕೆಲಸ ಬಲ್ಲವರೇ ಬೇಡವೆಂದರು. ಮೊದಲ ದಾಖಲಾತಿ ಪುಸ್ತಕವೇ ಇಲ್ಲದ ಮೇಲೆ ಶಾಲೆ ಶುರುವಾದ ವರ್ಷ ಎಲ್ಲಿಂದ ತರುತ್ತೀರಿ ಎಂಬುದು ಅವರ ಪ್ರಶ್ನೆ. ಪುಸ್ತಕ ಇವತ್ತಿಗೂ ಸಿಕ್ಕಿಲ್ಲ. ವರ್ಷ ಸಿಕ್ಕಿದೆ: 1923.

ಉಳಿದಿದ್ದ ಪುಸ್ತಕ 1952ರ ಜೂನ್‌ನಿಂದ ಶುರುವಾಗುತ್ತದೆ, ಮೊದಲ ದಾಖಲಾತಿ ಸಂಖ್ಯೆ 341. ಅಂದರೆ ಅದಕ್ಕೂ ಮುಂಚೆ 340 ಮಕ್ಕಳು ಸೇರಿದ್ದಾರೆ. ಮುಂದಿನ ಹತ್ತು ವರ್ಷದಲ್ಲಿ ವರ್ಷಕ್ಕೆ ಸುಮಾರು 18 ಮಕ್ಕಳು ಸೇರಿದ್ದರು. 340ನ್ನು 18ರಿಂದ ಭಾಗಿಸಿ ಹಿಂದಕ್ಕೆ ಹೋದರೆ 1933. ಇದೇ ಲೆಕ್ಕ ಹಿಡಿದು ಮೊದಲ ಕರಡು ಬರೆದಾಗಿತ್ತು, ಅದು ಪೂರ್ತಿ ತಪ್ಪು. ಹಿಂದಕ್ಕೆ ಹೋದಷ್ಟೂ ಸೇರುವ ಮಕ್ಕಳು ಕಡಿಮೆ. ಒಂದೇ ಸರಾಸರಿಯನ್ನು ಉದ್ದಕ್ಕೂ ಎಳೆಯುವಂತಿಲ್ಲ.

ದಾರಿ ಸಿಕ್ಕಿದ್ದು ಟಿಸಿಗಳಿಂದ. ಹಳೆಯ ವರ್ಗಾವಣೆ ಪತ್ರದಲ್ಲಿ ದಾಖಲಾತಿ ಸಂಖ್ಯೆ, ಸೇರಿದ ದಿನಾಂಕ ಎರಡೂ ಇರುತ್ತವೆ. ಕಳೆದುಹೋದ ಪುಸ್ತಕದ ಒಂದೊಂದು ಸಾಲು ಹೀಗೆ ಒಂದೊಂದು ಮನೆಯ ಟ್ರಂಕಿನಲ್ಲಿ ಉಳಿದಿತ್ತು. ಜಮೀನಿನ ಪತ್ರ, ಪಾಣಿಪತ್ರಿಕೆಗಳ ನಡುವೆ ನಾಲ್ಕು ಮಡಿಕೆ ಮಾಡಿಟ್ಟ ಕಾಗದ. ಮಡಿಕೆಯಲ್ಲೇ ಹರಿದಿರುತ್ತದೆ, ಆದರೆ ಸಂಖ್ಯೆ ಮೇಲಿನ ಮೂಲೆಯಲ್ಲಿರುವುದರಿಂದ ಸಾಮಾನ್ಯವಾಗಿ ಉಳಿದಿರುತ್ತದೆ. ಸೇರಿದವರು ತೀರಿಕೊಂಡು ದಶಕಗಳಾದರೂ ಮೊಮ್ಮಕ್ಕಳು ಕಾಗದ ಎಸೆದಿರುವುದಿಲ್ಲ. ಒಟ್ಟು 23 ಸಿಕ್ಕವು, ಲೆಕ್ಕಕ್ಕೆ ಬಂದದ್ದು 17. ಮೊದಲ ಸಲ ಕೇಳಿದಾಗ ಯಾವ ಮನೆಯಲ್ಲೂ ಟ್ರಂಕು ತೆಗೆಯಲಿಲ್ಲ. ಎರಡನೇ ಸುತ್ತಿನಲ್ಲಿ ಏನು ಕೇಳಿದರೆ ತೆಗೆಯುತ್ತಾರೆ ಅನ್ನುವುದು ಗೊತ್ತಾಯಿತು. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ, ಇನ್ನೂ ಎರಡು ಊರಲ್ಲಿ ಅದರಿಂದ ಕೆಲಸವಿದೆ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವರ್ಷ, ಉದ್ದಕ್ಕೆ ಸಂಖ್ಯೆ. 1925ಕ್ಕೆ 37, 1934ಕ್ಕೆ 118, 1943ಕ್ಕೆ 212, ಹೀಗೆ. ಚುಕ್ಕೆಗಳು ಒಂದು ಗೆರೆಯಲ್ಲಿ ಕೂತವು: ಮೊದಲ ಒಂಬತ್ತು ವರ್ಷ ವರ್ಷಕ್ಕೆ ಒಂಬತ್ತು ಮಕ್ಕಳು, ಆಮೇಲೆ ಹತ್ತು, ಕೊನೆಗೆ ಹದಿನಾಲ್ಕು. ಕೂರದೆ ಹೋದ ಆರರ ಕಥೆ ಬೇರೆ. ನಾಲ್ಕು ನಕಲು ಟಿಸಿಗಳು, ಎಷ್ಟೋ ವರ್ಷದ ಮೇಲೆ ಹೊಸ ಪುಸ್ತಕ ನೋಡಿ ಬರೆದುಕೊಟ್ಟವು. ಶಾಯಿ, ಮೊಹರು ನೋಡಿದರೆ ಗೊತ್ತಾಗುತ್ತದೆ. ಇನ್ನೆರಡರಲ್ಲಿ 1947ನೇ ಇಸವಿಗೆ 6 ಮತ್ತು 11 ಎಂದಿತ್ತು. ಮೂರು ವಾರ ಅರ್ಥವಾಗಲಿಲ್ಲ. ಎರಡೂ ಹೆಣ್ಣುಮಕ್ಕಳವು ಎಂದು ಗಮನಿಸಿದ ಮೇಲೆ ಗಂಟು ಬಿಚ್ಚಿತು: ಕೆಲವು ಕಾಲ ಹುಡುಗಿಯರಿಗೆ ಒಂದರಿಂದ ಶುರುವಾಗುವ ಬೇರೆ ಪುಸ್ತಕವಿತ್ತು.

ಈಗ 37ರಿಂದ ವರ್ಷಕ್ಕೆ ಒಂಬತ್ತರಂತೆ ಹಿಂದಕ್ಕೆ ಹೋದರೆ 1921 ಬರುತ್ತದೆ. ಇಲ್ಲೂ ಎಡವಬಾರದು. ಶಾಲೆ ತೆರೆದ ವರ್ಷ ಸೇರುವವರು ಒಂಬತ್ತಲ್ಲ. ಐದರಿಂದ ಹನ್ನೆರಡು ವರ್ಷದವರೆಗಿನ ಮಕ್ಕಳು, ಕೂಲಿಮಠದಲ್ಲಿ, ಅಂದರೆ ಊರಿನ ಹಳೆಯ ಖಾಸಗಿ ಪಾಠಶಾಲೆಯಲ್ಲಿ, ಅಕ್ಷರ ತಿದ್ದಿದವರೂ ಸೇರಿ, ಒಟ್ಟಿಗೆ ಇಪ್ಪತ್ತು ಇಪ್ಪತ್ತೈದು ಜನ ಬರುತ್ತಾರೆ. ಅದನ್ನು ಕಳೆದರೆ ಉಳಿಯುವುದು ಎರಡು ವರ್ಷದಷ್ಟೂ ಇಲ್ಲ. 1923 ಎಂದು ಬರೆದಿಟ್ಟು, ಆಮೇಲೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋದದ್ದು. ವರ್ಷ ಗೊತ್ತಿಲ್ಲದೆ ಅಲ್ಲಿಗೆ ಹೋಗಿ ಹಿಂದೆ ನಾಲ್ಕು ದಿನ ಕಳೆದಾಗಿತ್ತು. ಈ ಸಲ ಎರಡನೇ ದಿನವೇ 1923–24ರ ಕಡತದಲ್ಲಿ ಊರಿನ ಹೆಸರು, ಒಬ್ಬ ಮೇಷ್ಟ್ರ ಹುದ್ದೆ ಮಂಜೂರಾದದ್ದು ಸಿಕ್ಕಿತು.

ಪತ್ರಾಗಾರದಲ್ಲಿ ಹುಡುಕುವವರು ಕಾಯ್ದೆಗಳ ಇಸವಿ ನೆನಪಿಡಬೇಕು. ಮೈಸೂರಿನಲ್ಲಿ 1913ರ ಪ್ರಾಥಮಿಕ ಶಿಕ್ಷಣ ಕಾಯ್ದೆ ಆದಮೇಲೆ ಒಂದು ಕಾಲ, 1930ರ ಕಾಯ್ದೆ ಶಾಲೆಗಳನ್ನು ಜಿಲ್ಲಾ ಬೋರ್ಡುಗಳ ಕೈಗೆ ಕೊಟ್ಟಮೇಲೆ ಇನ್ನೊಂದು, 1941ರಲ್ಲಿ ಸರ್ಕಾರ ವಾಪಸು ತೆಗೆದುಕೊಂಡ ಮೇಲೆ ಮತ್ತೊಂದು. ಮಧ್ಯದ ಹತ್ತು ವರ್ಷದ ಕಾಗದವನ್ನು ಶಿಕ್ಷಣ ಇಲಾಖೆಯ ಕಡತದಲ್ಲೇ ಹುಡುಕುತ್ತಾ ಕೂತರೆ ಕೈಗೆ ಏನೂ ಹತ್ತುವುದಿಲ್ಲ.

ಊರಿನವರು ಮಾತ್ರ ಶಾಲೆ 1865ರದ್ದು ಎಂದೇ ನಂಬಿದ್ದರು. ಕಾರಣ ಹೆಂಚು. ಬಾಸೆಲ್ ಮಿಶನ್ ಹೆಂಚಿನ ಮೇಲೆ 1865 ಎಂದು ಅಚ್ಚಿರುತ್ತದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಅದೇ ಸೂರಿನಲ್ಲಿ ಕಾಮನ್‌ವೆಲ್ತ್ ಹೆಸರಿನ ಹೆಂಚೂ ಇದ್ದವು. ಮಿಶನ್ನಿನ ಕಾರ್ಖಾನೆಗಳಿಗೆ ಆ ಹೆಸರು ಬಂದದ್ದು ಮೊದಲ ಮಹಾಯುದ್ಧದ ನಂತರವಷ್ಟೇ. ಸಾಲದ್ದಕ್ಕೆ ಹೆಂಚು ಒಂದು ಮನೆಯಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಬಾಗಿಲ ಮೇಲಿನ ಕಲ್ಲಿನಲ್ಲಿದ್ದ 1954 ಕೂಡ ಕಟ್ಟಡದ ವರ್ಷ ಮಾತ್ರ. ಅದಕ್ಕೆ ಮುಂಚೆ ಮೂವತ್ತು ವರ್ಷ ಪಾಠ ನಡೆದದ್ದು ಚಾವಡಿಯಲ್ಲಿ, ಮಳೆಗಾಲದಲ್ಲಿ ಗುಡಿಯ ಪ್ರಾಂಗಣದಲ್ಲಿ.

ಜನಗಣತಿಯ ಜಿಲ್ಲಾ ಕೈಪಿಡಿಗಳನ್ನು ಬಹಳ ಜನ ಮರೆಯುತ್ತಾರೆ. 1971, 1981ರವುಗಳಲ್ಲಿ ಪ್ರತಿ ಹಳ್ಳಿಯ ಎದುರು ಸೌಲಭ್ಯಗಳ ಪಟ್ಟಿಯಿದೆ, ಪ್ರಾಥಮಿಕ ಶಾಲೆಗೆ ‘ಪಿ’, ಮಾಧ್ಯಮಿಕಕ್ಕೆ ‘ಎಂ’. ಅಕ್ಕಪಕ್ಕದ ಹಳ್ಳಿಗಳಿಗೆ ಶಾಲೆ ಬಂದ ಕಾಲ ಇದರಲ್ಲಿ ತಿಳಿಯುತ್ತದೆ, ಅಲ್ಲಿಂದ ಬರುತ್ತಿದ್ದ ಮಕ್ಕಳು ನಿಂತದ್ದಕ್ಕೆ ಕಾರಣವೂ.

ದಾಖಲಾತಿ ಪುಸ್ತಕದ ಹುಟ್ಟಿದ ದಿನಾಂಕವನ್ನು ಯಾವುದಕ್ಕೂ ಆಧಾರ ಮಾಡಿಕೊಳ್ಳಬೇಡಿ. ಜೂನ್ 1 ಸಾಲುಸಾಲಾಗಿ ಬರುತ್ತದೆ. ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸಿ, ಮುಟ್ಟಿದರೆ ಮೇಷ್ಟ್ರು ಬರೆದುಕೊಂಡ ದಿನಾಂಕ ಅದು. ‘ಶಾಲೆ ಬಿಟ್ಟ ಕಾರಣ’ ಎಂಬ ಕಾಲಂ ಮಾತ್ರ ಚಿನ್ನ. ಒಂದೇ ಪುಟದಲ್ಲಿ, ಒಂದೇ ಕೈಬರಹದಲ್ಲಿ: ದನ ಕಾಯಲು, ದನ ಕಾಯಲು, ಮದುವೆ, ಊರು ಬಿಟ್ಟರು, ದನ ಕಾಯಲು, ಮರಣ. ಬಿಟ್ಟ ತಿಂಗಳುಗಳನ್ನು ಎಣಿಸಿದರೆ ಸುಗ್ಗಿಯ ಮೂರು ತಿಂಗಳಲ್ಲೇ ಅರ್ಧಕ್ಕಿಂತ ಹೆಚ್ಚು. ಜಾತಿಯ ಕಾಲಂ ಎಣಿಕೆಗೆ ಮಾತ್ರ ಬಳಸಿದ್ದು. ಯಾರ ಹೆಸರಿನ ಜೊತೆಗೂ ಅಚ್ಚು ಹಾಕಿಲ್ಲ. ನೀವೂ ಹಾಕಬಾರದು.

ಪುಸ್ತಕದ ಪುಟಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಒಂದು ಘೋರವಾಗಿ ಕೆಟ್ಟಿತು. ಧೂಳು ತೆಗೆಯಲು ಒದ್ದೆ ಹತ್ತಿ ಸವರಿದಾಗ ನೇರಳೆ ಕಾಪಿಂಗ್ ಪೆನ್ಸಿಲಿನ ಬರಹ ಕರಗಿ ಹರಿಯಿತು, ಐದು ಸಾಲು ಹೋದವು. ನೀರು ತಾಗಿದರೆ ಆ ಪೆನ್ಸಿಲು ಶಾಯಿಯೇ ಆಗುತ್ತದೆ. ಬಣ್ಣ ಬಳಿಯುವ ಒಣ ಕುಂಚ ಬಿಟ್ಟು ಬೇರೇನೂ ತಾಗಿಸಬೇಡಿ. ಅಂಟುಪಟ್ಟಿ, ಲ್ಯಾಮಿನೇಶನ್ ಎರಡೂ ಕಾಗದಕ್ಕೆ ಶತ್ರು. ಮಾಸಿದ ಕಪ್ಪುನೀಲಿ ಶಾಯಿಗೆ ಸುಮಾರು ನಾನೂರು ರೂಪಾಯಿಯ ಅತಿನೇರಳೆ ಟಾರ್ಚು ಕತ್ತಲೆಯಲ್ಲಿ ಹಿಡಿದಾಗ ಅಕ್ಷರ ಕಪ್ಪಾಗಿ ಎದ್ದು ಬಂದವು, ಹಗಲಲ್ಲಿ ಕಾಣದ ಒಂದು ಪುಟ ಪೂರ್ತಿ ಓದಲಾಯಿತು. ಬೆಳ್ಳಿಹುಳುವಿಗೆ ಪುಸ್ತಕವನ್ನು ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಮೂರು ದಿನ ಫ್ರೀಜರಿನಲ್ಲಿಟ್ಟದ್ದು ಕೆಲಸ ಮಾಡಿತು. ಹೊರಗೆ ತೆಗೆದ ಮೇಲೆ ಒಂದು ದಿನ ಕಟ್ಟು ಬಿಚ್ಚಬಾರದು, ಬಿಚ್ಚಿದರೆ ಪುಟದ ಮೇಲೆ ನೀರು ಕೂರುತ್ತದೆ.

ಖರ್ಚು ನೆನಪಿನಿಂದ ಹೇಳುವುದಾದರೆ ಮೂವತ್ತೆಂಟು ಸಾವಿರದ ಆಸುಪಾಸು. ಅದರಲ್ಲಿ 64 ಪುಟದ 300 ಪ್ರತಿ ಅಚ್ಚಿಗೆ ಇಪ್ಪತ್ತೆರಡು, ಬೆಂಗಳೂರಿನ ಓಡಾಟಕ್ಕೆ ಒಂಬತ್ತು. ವ್ಯರ್ಥವಾದದ್ದು ಆರು ಸಾವಿರ: ನಂಬಿ ಕೊಟ್ಟ ಸ್ಕ್ಯಾನಿಂಗ್ ಅಂಗಡಿಯವರು ಪುಸ್ತಕದ ಬೆನ್ನು ಒತ್ತಿ ಹೊಲಿಗೆ ಬಿಡಿಸಿದರು, ಒಳಅಂಚಿನ ಸಂಖ್ಯೆಗಳೂ ಬರಲಿಲ್ಲ. ಆಮೇಲೆ ಫೋನನ್ನು ಸ್ಟ್ಯಾಂಡಿಗೆ ಕಟ್ಟಿ, ಕಿಟಕಿಯ ಓರೆ ಬೆಳಕಿನಲ್ಲಿ ಎರಡು ಬೆಳಗಿನಲ್ಲಿ ಎಲ್ಲಾ ಪುಟ ತೆಗೆದದ್ದೇ ಚೆನ್ನಾಗಿ ಬಂತು.

ಆರ್‌ಟಿಐ ಅಗ್ಗ, ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು. ಆದರೆ ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ‘ಶಾಲೆಯ ಸಮಗ್ರ ದಾಖಲೆ’ ಎಂದು ಕೇಳಿದ ಮೊದಲ ಅರ್ಜಿ ಹಾಗೇ ವಾಪಸು ಬಂತು. ‘ಇಂಥ ಶಾಲೆಯ ಸಂದರ್ಶನ ಪುಸ್ತಕ, ಇಂಥ ವರ್ಷದಿಂದ ಇಂಥ ವರ್ಷ’ ಎಂದು ಬಿಡಿಬಿಡಿಯಾಗಿ ಕೇಳಿದ ಐದಕ್ಕೂ ಉತ್ತರ ಬಂತು. ಸಂದರ್ಶನ ಪುಸ್ತಕ ಬಿಡಬೇಡಿ: ಇನ್‌ಸ್ಪೆಕ್ಟರು ಬಂದ ದಿನ ಹಾಜರಿದ್ದ ಮಕ್ಕಳ ನಿಜವಾದ ಲೆಕ್ಕ ಅಲ್ಲಿರುತ್ತದೆ.

ಪುಸ್ತಕ ಅಚ್ಚಾದ ಎರಡು ತಿಂಗಳಿಗೆ ಇನ್ನೂ ಎರಡು ಟಿಸಿ ಬಂದವು, 1929 ಮತ್ತು 1938ರವು, ಸಂಖ್ಯೆ 74 ಮತ್ತು 158. ಗ್ರಾಫಿನ ಗೆರೆ ಆ ವರ್ಷಗಳಿಗೆ ತೋರಿಸಿದ್ದು 73 ಮತ್ತು 160.