ಕಾರವಾರದ ಪುಟ್ಟಿ ಹಿಮಕ್ಕೆ ಇಳಿದಿದ್ದು

ಮಗಳಿಗೆ ಮೂರು ತುಂಬಲು ಇನ್ನೆರಡು ತಿಂಗಳಿತ್ತು. ಫೆಬ್ರವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗುವುದು ಅಂತ ನಾವಿಬ್ಬರೂ ಗಟ್ಟಿ ಮಾಡಿಕೊಂಡೆವು. ಸುದ್ದಿ ಕೇಳಿದ ಅತ್ತೆ, "ಇಷ್ಟು ಸಣ್ಣ ಮಗು ಅಷ್ಟು ಚಳಿ ತಡ್ಕೊಳ್ತದಾ?" ಅಂದರು. ಕಾರವಾರದಲ್ಲಿ ಜನವರಿಯಲ್ಲೂ ಫ್ಯಾನ್ ಹಾಕಿ ಮಲಗುವವರು ನಾವು. ಅವರ ಚಿಂತೆ ಸುಮ್ನೆ ಅಲ್ಲ.

ಆದರೆ ತಯಾರಿ ಶುರು ಮಾಡಿದ ಮೇಲೆ ಒಂದು ವಿಷಯ ಗೊತ್ತಾಯಿತು. ನಮ್ಮ ಕಡೆಯ ಮಕ್ಕಳಿಗೆ ಚಳಿಗಿಂತ ಜಾಸ್ತಿ ಕಷ್ಟ ಆಗುವುದು ಬಟ್ಟೆ. ವರ್ಷವಿಡೀ ಬರಿಗಾಲಲ್ಲಿ, ತೆಳು ಅಂಗಿಯಲ್ಲಿ ಓಡಾಡುವ ಮಗು. ಅದಕ್ಕೆ ಒಂದೇ ದಿನ ಬೂಟು, ಕೈಗವಸು, ಟೋಪಿ, ಕನ್ನಡಕ ಎಲ್ಲ ಹಾಕಿದರೆ ಅಳದೆ ಇರುತ್ತದಾ? ಹಾಗಾಗಿ ಅರ್ಧ ಕೆಲಸವನ್ನು ಊರಲ್ಲೇ ಮುಗಿಸಿದೆವು.

ಹೊರಡುವ ಒಂದೂವರೆ ತಿಂಗಳ ಮುಂಚೆ ಗಂಬೂಟು ತಂದೆವು. ಸಂಜೆ ಟ್ಯಾಗೋರ್ ಕಡಲತೀರಕ್ಕೆ ಹೋಗಿ ಒದ್ದೆ ಮರಳಲ್ಲಿ ನಡೆಸುವುದು. ಮೊದಲ ದಿನ ಎರಡೂ ಬೂಟು ಕಿತ್ತು ಎಸೆದಳು. ನಾನೂ ಒತ್ತಾಯ ಮಾಡಲಿಲ್ಲ. ವಾರ ಕಳೆಯುವಷ್ಟರಲ್ಲಿ ತೆಗೆಯಲು ಹೋದರೆ ಅಳು! ಉಣ್ಣೆಯ ಕೈಗವಸನ್ನು ಫ್ರಿಜ್ ಆಟಕ್ಕೆ ಸೇರಿಸಿದೆವು. ಫ್ರೀಜರ್ ಗೋಡೆಗೆ ಕಟ್ಟಿದ ಹಿಮವನ್ನು ಚಮಚದಿಂದ ಕೆರೆದು ಬಟ್ಟಲಿಗೆ ಹಾಕಿ ಕೊಡುತ್ತಿದ್ದೆ. ಅದರಲ್ಲಿ ಪ್ಲಾಸ್ಟಿಕ್ ಆನೆಯನ್ನು ಹೂತು ಹುಡುಕುವ ಆಟ. ಕೈ ಜುಂ ಅನ್ನುತ್ತಿದ್ದ ಹಾಗೆ ತಾನೇ ಓಡಿ ಬಂದು "ಆಯಿ, ಗವಸು" ಅಂತ ಕೈ ಚಾಚುತ್ತಿದ್ದಳು. ತಣ್ಣಗಾದಾಗ ಬೇಕಾಗುವ ವಸ್ತು ಅದು ಅಂತ ಅವಳಿಗೆ ತಾನಾಗಿಯೇ ಗೊತ್ತಾಯಿತು.

ಇನ್ನೊಂದು ಪಾಠ ಆಗಿದ್ದು ಶಿರಸಿಯ ನನ್ನ ತವರಿನಲ್ಲಿ, ಅಡಿಕೆ ತೋಟದ ದಾರಿಯಲ್ಲಿ. ನಾವು ಚಿಕ್ಕವರಿದ್ದಾಗ ಆಡಿದ್ದೇ: ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರು ಕೂರುವುದು, ಸೋಗೆ ಹಿಡಿದು ಇನ್ನೊಬ್ಬರು ಎಳೆಯುವುದು. ಅಪ್ಪಯ್ಯ ಮೊಮ್ಮಗಳನ್ನು ಕೂರಿಸಿ ಎಳೆದರು. ಮೊದಲು ಹಿಂದಕ್ಕೆ ವಾಲಿ ದೊಪ್ಪನೆ ಬಿದ್ದಳು. ನಾಲ್ಕನೇ ಸಲಕ್ಕೆ ಮೊಣಕಾಲು ಮಡಚಿ, ಮೈಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಹಾಳೆಯ ಅಂಚು ಹಿಡಿದು ಕೂತಳು. ಜಾರುವಾಗ ಮೈ ಹಿಂದಕ್ಕೆ ಹೋಗಬಾರದು ಅನ್ನುವುದು, ಕಾಲಿಗೆ ಉದ್ದ ಪಟ್ಟಿ ಕಟ್ಟಿಕೊಂಡು ಹಿಮದಲ್ಲಿ ಜಾರುವ ಸ್ಕೀಯಿಂಗ್‌ನಲ್ಲೂ ಮೊದಲ ಪಾಠ. ಅದನ್ನು ಅವಳಿಗೆ ಹಾಳೆ ಕಲಿಸಿತು.

ಗೋವಾದಿಂದ ದೆಹಲಿ, ಅಲ್ಲಿಂದ ಶ್ರೀನಗರ. ನಾವು ಸಮುದ್ರಮಟ್ಟದ ಜನ. ಶ್ರೀನಗರ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗುಲ್ಮಾರ್ಗ್ 2,650 ಮೀಟರ್. ಎತ್ತರ ಮೈಗೆ ಒಗ್ಗದಿದ್ದರೆ ದೊಡ್ಡವರು ತಲೆ ಸಿಡಿಯುತ್ತಿದೆ ಅಂತ ಹೇಳುತ್ತೇವೆ, ಈ ವಯಸ್ಸಿನ ಮಗು ಹೇಳುವುದಿಲ್ಲ. ಊಟ ಬಿಡುವುದು, ಕಾರಣವಿಲ್ಲದೆ ರಚ್ಚೆ ಹಿಡಿಯುವುದು, ನಿದ್ದೆ ಬಾರದಿರುವುದು, ವಾಂತಿ, ಇವನ್ನೇ ನಾವು ನೋಡಿಕೊಳ್ಳಬೇಕು. ಹೊರಡುವ ಮೊದಲೇ ಮಕ್ಕಳ ಡಾಕ್ಟರ್ ಹತ್ತಿರ ಮಾತಾಡಿದ್ದೆವು. ಶ್ರೀನಗರದಲ್ಲಿ ಎರಡು ರಾತ್ರಿ ಉಳಿದು ಆಮೇಲೆ ಮೇಲೆ ಹೋದೆವು. ಅಲ್ಲಿನ ಕೇಬಲ್ ಕಾರು ಗೊಂಡೋಲಾದ ಎರಡನೇ ಹಂತ ಸುಮಾರು 3,980 ಮೀಟರ್ ತನಕ ಹೋಗುತ್ತದೆ. ಅಲ್ಲಿಗೆ ಮಗುವನ್ನು ಕರೆದೊಯ್ಯುವ ಯೋಚನೆಯನ್ನೇ ಮಾಡಲಿಲ್ಲ.

ಮೊದಲ ದಿನ ನನ್ನಿಂದಲೇ ಒಂದು ತಪ್ಪಾಯಿತು. ಕಾಲು ಬೆಚ್ಚಗಿರಲಿ ಅಂತ ಎರಡು ಜೊತೆ ದಪ್ಪ ಕಾಲುಚೀಲ ಹಾಕಿದೆ. ಬೂಟು ಬಿಗಿಯಾಯಿತು. ಇಪ್ಪತ್ತು ನಿಮಿಷ ಆದ ಮೇಲೆ ಅಳಲು ಶುರು ಮಾಡಿದಳು. ರೂಮಿಗೆ ಬಂದು ಬಿಚ್ಚಿ ನೋಡಿದರೆ ಬೆರಳ ತುದಿ ಬಿಳಿಚಿಕೊಂಡು ತಣ್ಣಗಾಗಿತ್ತು. ನನ್ನ ಎದೆ ಧಸಕ್ ಅಂತು. ಉಜ್ಜಬಾರದು ಅಂತ ಓದಿದ್ದು ನೆನಪಾಗಿ, ಅವಳ ಪಾದಗಳನ್ನು ನನ್ನ ಹೊಟ್ಟೆಗೆ ಒತ್ತಿ ಹಿಡಿದು ಕೂತೆ. ಸ್ವಲ್ಪ ಹೊತ್ತಿನಲ್ಲಿ ಬಣ್ಣ ಬಂತು. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಬೆರಳು ಇನ್ನೂ ತಣ್ಣಗಾಗುತ್ತದೆ. ಮರುದಿನದಿಂದ ಒಂದೇ ಜೊತೆ ಉಣ್ಣೆ ಕಾಲುಚೀಲ, ಬೆರಳು ಆಡುವಷ್ಟು ಜಾಗ. ಗಂಬೂಟನ್ನು ಅಲ್ಲಿ ಹಾಕಲೇ ಇಲ್ಲ. ಅದು ನೀರು ತಡೆಯುತ್ತದೆ, ಚಳಿ ತಡೆಯುವುದಿಲ್ಲ. ಒಳಗೆ ಹತ್ತಿ ಬನಿಯನ್ ಕೂಡ ಬೇಡ. ಬೆವರಿಗೆ ಒದ್ದೆಯಾಗಿ ಮೈಗೆ ಅಂಟುತ್ತದೆ. ಒಳಗೆ ತೆಳು ಉಣ್ಣೆ, ಮೇಲೆ ಸ್ವೆಟರ್, ಅದರ ಮೇಲೆ ನೀರು ಇಳಿಯದ ಜಾಕೆಟ್ಟು ಪ್ಯಾಂಟು. ಕೈಗೆ ನಾಲ್ಕೂ ಬೆರಳು ಒಟ್ಟಿಗೆ ಕೂರುವ ಮಿಟನ್. ಬೆರಳುಗಳು ಒಂದಕ್ಕೊಂದು ತಾಗಿಕೊಂಡಿದ್ದರೆ ಬಿಸಿ ಉಳಿಯುತ್ತದೆ.

ಬಿಸಿಲಿನ ವಿಷಯ ತುಂಬ ಜನ ಮರೆಯುತ್ತಾರೆ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳಲ್ಲಿ 80 ಶೇಕಡಾದಷ್ಟನ್ನು ವಾಪಸ್ ಎಸೆಯಬಲ್ಲದು. ಗಲ್ಲದ ಕೆಳಗೂ, ಮೂಗಿನ ಕೆಳಗೂ ಸನ್‌ಸ್ಕ್ರೀನ್ ಬೇಕು. ಕಣ್ಣಿಗೆ ಕನ್ನಡಕ ಬೇಕೇ ಬೇಕು. ತುಟಿಗೆ ಮಾತ್ರ ಅಮ್ಮ ಕಟ್ಟಿಕೊಟ್ಟ ಮುರುಗಲು ತುಪ್ಪ. ನಾಲ್ಕು ದಿನವೂ ತುಟಿ ಒಡೆಯಲಿಲ್ಲ.

ಆಟ ಅಂದರೆ ದೊಡ್ಡದೇನೂ ಅಲ್ಲ. ಮೊದಲ ಅರ್ಧ ಗಂಟೆ ಒಂದೇ ಕಡೆ ಕೂತು ಚಮಚದಲ್ಲಿ ಹಿಮ ತುಂಬಿ ಸುರಿದಳು. ಆನೆಯನ್ನು ಹೂತಳು, ತೆಗೆದಳು. ಹಿಮದ ಮೇಲೆ ಕೂರಿಸಿ ಎಳೆಯುವ ಮರದ ಸ್ಲೆಡ್ಜ್ ಕಂಡಾಗ "ಹಾಳೆ!" ಅಂತ ಕೂಗಿ ಹತ್ತಿ ಕೂತು ಮೊಣಕಾಲು ಮಡಚಿದಳು. ಪ್ರತಿ ಅರ್ಧ ಗಂಟೆಗೆ ಒಳಗೆ ಬಂದು ಫ್ಲಾಸ್ಕಿನಿಂದ ಬಿಸಿ ಕಷಾಯ, ಹಾಲು ಬೆಲ್ಲ ಜಾಸ್ತಿ ಹಾಕಿದ್ದು. ಅಳುವ ಮೊದಲೇ ಒಳಗೆ ಬರಬೇಕು. ಅತ್ತ ಮೇಲೆ ಬಂದರೆ ಮತ್ತೆ ಹೊರಗೆ ಹೋಗಲು ಒಪ್ಪುವುದಿಲ್ಲ.

ಸ್ಕೀ ಕಟ್ಟಿದ್ದು ಮೂರನೇ ದಿನ, ಹೆಚ್ಚು ಇಳಿಜಾರಿಲ್ಲದ, ಬಟ್ಟಲಿನ ಹಾಗಿರುವ ಬೌಲ್ ಜಾಗದಲ್ಲಿ. ಕಲಿಸುವವರು ಮೊದಲೇ ಹೇಳಿದರು, ನಾಲ್ಕು ವರ್ಷದ ಮುಂಚೆ ಕಲಿಸುವುದಲ್ಲ, ರುಚಿ ತೋರಿಸುವುದು ಅಷ್ಟೇ ಅಂತ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಆಟಗಾರ ಆರಿಫ್ ಖಾನ್ ಗುಲ್ಮಾರ್ಗ್ ಹತ್ತಿರದವರೇ. ಅವರೂ ಶುರು ಮಾಡಿದ್ದು ನಾಲ್ಕನೇ ವಯಸ್ಸಿಗೆ. ತಲೆಗೆ ಹೆಲ್ಮೆಟ್, ಮಗುವಿನ ಎದೆಮಟ್ಟದ ಸಣ್ಣ ಸ್ಕೀ, ಕೈಗೆ ಕೋಲು ಇಲ್ಲ. ಕೋಲು ಕೊಟ್ಟರೆ ಗಮನವೆಲ್ಲ ಅದರ ಮೇಲೇ ಹೋಗುತ್ತದೆ. ಎರಡು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ಹಿಂಭಾಗ ಅಗಲಿಸಿದರೆ ವೇಗ ತಗ್ಗುತ್ತದೆ. ಅದಕ್ಕೆ ನಾನು "ಸಮೋಸ" ಅಂತ ಹೆಸರಿಟ್ಟೆ. ಅವಳಪ್ಪ ಎದುರು ಮಂಡಿಯೂರಿ ಕೈ ಚಾಚಿದರು. ಹತ್ತು ಹೆಜ್ಜೆಯಷ್ಟು ದೂರ ಜಾರಿ ಅವರ ಎದೆಗೆ ಬಂದು ಬಿದ್ದಳು. ಐದು ಸಲ ಹಾಗೆ ಮಾಡಿದಳು. ಆರನೇ ಸಲಕ್ಕೆ "ಸಾಕು" ಅಂದಳು. ತಕ್ಷಣ ಬಿಚ್ಚಿದೆವು. ಒಟ್ಟು ಹದಿನೈದು ನಿಮಿಷ ಆಗಿರಬಹುದು. ಕೊಟ್ಟ ದುಡ್ಡಿನ ಲೆಕ್ಕ ಆಗ ಹಾಕಬಾರದು.

ಮತ್ತೆ ಹೋಗುವುದು ಐದು ತುಂಬಿದ ಮೇಲೆ. ಸ್ನೋ ಬೂಟನ್ನು ತಮ್ಮನ ಮಗನಿಗೆ ಕೊಟ್ಟೆವು. ಗಂಬೂಟು ಮಾತ್ರ ಕೊಡಲು ಬಿಡಲಿಲ್ಲ. ಜೂನ್ ಮಳೆ ಹಿಡಿದಾಗಿನಿಂದ ಅದನ್ನು ಹಾಕಿಕೊಂಡೇ ಅಂಗಳದ ನೀರಿಗೆ ಇಳಿಯುತ್ತಿದ್ದಾಳೆ.