ಶಿಶುವಿಹಾರ ನೋಡೋಕೆ ಮಧ್ಯಾಹ್ನ ಹೋಗಿದ್ದೆ

ನಮಗೆ ಇಬ್ಬರು ಮಕ್ಕಳು. ದೊಡ್ಡವಳನ್ನು ಪೂರ್ತಿ ದಿನದ ಶಿಶುವಿಹಾರಕ್ಕೆ ಸೇರಿಸಿ, ನಾಲ್ಕು ತಿಂಗಳಾದ ಮೇಲೆ ಅರ್ಧ ದಿನಕ್ಕೆ ಇಳಿಸಿದೆವು. ಚಿಕ್ಕವನಿಗೆ ಅರ್ಧ ದಿನವೇ ಸರಿ ಅಂತ ತೀರ್ಮಾನ ಮಾಡಿಕೊಂಡು ಹೊರಟವರು ಪೂರ್ತಿ ದಿನಕ್ಕೆ ಸೇರಿಸಿ ಬಂದೆವು. ಎರಡು ಸಲವೂ ಮನೆಯಲ್ಲಿ ಕೂತು ಮಾಡಿದ ಲೆಕ್ಕ ಉಲ್ಟಾ ಆಯಿತು. ಯಾಕೆ ಅನ್ನೋದನ್ನು ಬರೆದಿಡುತ್ತಿದ್ದೇನೆ.

ದೊಡ್ಡವಳಿಗೆ ಆಗ ನಾಲ್ಕು ವರ್ಷ. ನಾನೂ ನನ್ನ ಹೆಂಡತಿಯೂ ಕೆಲಸಕ್ಕೆ ಹೋಗುವವರು. ಹಾಗಾಗಿ ಯೋಚಿಸುವ ಪ್ರಶ್ನೆಯೇ ಬರಲಿಲ್ಲ, ಪೂರ್ತಿ ದಿನ ಅಂತ ಬರೆದುಕೊಟ್ಟೆವು. ಬೆಳಗ್ಗೆ ಹತ್ತಕ್ಕೆ ಹೋಗಿ ಶಾಲೆ ನೋಡಿದ್ದೆವು. ಹಾಡು, ಬಣ್ಣ, ನಗು, ಗೋಡೆ ತುಂಬ ಚಿತ್ರ. ಬೆಳಗ್ಗೆ ಹತ್ತಕ್ಕೆ ಯಾವ ಶಿಶುವಿಹಾರವೂ ಚೆನ್ನಾಗಿಯೇ ಕಾಣುತ್ತದೆ. ಮಕ್ಕಳು ನಿದ್ದೆ ಮುಗಿಸಿ ಬಂದಿರುತ್ತಾರೆ, ಟೀಚರಿಗೂ ಉತ್ಸಾಹ ಇರುತ್ತದೆ. ಇದು ನನಗೆ ಹೊಳೆದದ್ದು ಎಷ್ಟೋ ದಿನಗಳ ಮೇಲೆ.

ಮೊದಲ ತಿಂಗಳು ಆರಾಮಾಗಿ ಹೋಯಿತು. ಎರಡನೇ ತಿಂಗಳಿಂದ ಸಂಜೆಯ ಗಲಾಟೆ ಶುರುವಾಯಿತು. ಬಾಗಿಲಿಗೆ ಬರುವವರೆಗೆ ಸುಮ್ಮನಿರುವ ಮಗು ಶೂ ಬಿಚ್ಚುವಾಗ ಒಮ್ಮೆಲೇ ಕಿರುಚುತ್ತಿತ್ತು. ಒಂದು ದಿನ ಕಾಲುಚೀಲದ ಹೊಲಿಗೆ ಚುಚ್ಚುತ್ತದೆ ಅಂತ ಅಳು. ಇನ್ನೊಂದು ದಿನ ನೀರಿನ ಲೋಟ ಬೇರೆ ಬಣ್ಣದ್ದು ಅಂತ. ಶುರುವಾದರೆ ಮುಕ್ಕಾಲು ಗಂಟೆ. ಟೀಚರನ್ನು ಕೇಳಿದರೆ ಅವರಿಗೇ ಆಶ್ಚರ್ಯ. "ಇಲ್ಲಿ ಒಂದು ದಿನವೂ ಅತ್ತಿಲ್ಲ ಸರ್. ಹೇಳಿದ್ದೆಲ್ಲ ಕೇಳ್ತಾಳೆ. ತುಂಬಾ ಒಳ್ಳೆ ಹುಡುಗಿ."

ಹಾಗಾದರೆ ನಮ್ಮ ಹತ್ತಿರ ಮಾತ್ರ ಹಟ ಅಂದುಕೊಂಡೆ. ಒಂದೆರಡು ಸಲ ಗದರಿದೆ ಕೂಡ. ಆಗ ಬಂದಿದ್ದ ನನ್ನ ಅಮ್ಮ ನಾಲ್ಕು ದಿನ ನೋಡಿ ಹೇಳಿದರು: "ಅಲ್ಲೆಲ್ಲ ತಡ್ಕೊಂಡು ತಡ್ಕೊಂಡು ಬಂದು ನಿಮ್ಮ ಹತ್ರ ಬಿಡ್ತಾಳೆ ಕಣೋ. ನೀನು ಕೆಲಸದಿಂದ ಬಂದು ಹೆಂಡ್ತಿ ಮೇಲೆ ರೇಗಲ್ವಾ, ಅದೇ." ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ.

ಆಮೇಲೆ ಒಂದು ಹಳೇ ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ಬರೆದೆ. ಎಷ್ಟಕ್ಕೆ ಎದ್ದಳು, ಎಷ್ಟಕ್ಕೆ ಮಲಗಿದಳು, ಹಗಲು ನಿದ್ದೆ ಮಾಡಿದಳಾ, ಎಷ್ಟು ಹೊತ್ತು ಅತ್ತಳು. ಇಷ್ಟೇ. ಈ ಇಡೀ ವಿಷಯದಲ್ಲಿ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ ಅನ್ನಿಸುತ್ತದೆ. ಹತ್ತೇ ದಿನದಲ್ಲಿ ಸಂಗತಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಶಾಲೆಯಲ್ಲಿ ಊಟದ ನಂತರ ಚಾಪೆ ಹಾಸಿ ಮಲಗಿಸುತ್ತಿದ್ದರು. ಇವಳು ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದಳು, ನಿದ್ದೆ ಮಾಡುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಗಾಡಿಯಲ್ಲೇ ಒಂದು ಕಾಲು ಗಂಟೆ ತೂಕಡಿಕೆ. ಎಬ್ಬಿಸಿದರೆ ಅಳು. ಆ ತೂಕಡಿಕೆಯ ದೆಸೆಯಿಂದ ರಾತ್ರಿ ಹತ್ತಾದರೂ ನಿದ್ದೆ ಇಲ್ಲ. ಬೆಳಗ್ಗೆ ಆರೂವರೆಗೆ ಎಬ್ಬಿಸಲೇಬೇಕು. ಎಲ್ಲ ಕೂಡಿಸಿದರೂ ದಿನಕ್ಕೆ ಒಂಬತ್ತು ಗಂಟೆ ದಾಟುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆಯ ಪ್ರಕಾರ 3-4 ವರ್ಷದ ಮಕ್ಕಳಿಗೆ ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ ಬೇಕು. ನಾವು ಹಟ ಅಂತ ಕರೆದಿದ್ದು ನಿದ್ದೆಯ ಬಾಕಿ.

ಮಲಗುವ ಹೊತ್ತನ್ನು ಹಿಂದಕ್ಕೆ ತರಲು ಎಲ್ಲ ಪ್ರಯತ್ನ ಮಾಡಿದೆವು. ಆಗಲಿಲ್ಲ. ಕೊನೆಗೆ ಅರ್ಧ ದಿನಕ್ಕೆ ಬದಲಾಯಿಸಿದೆವು. ನನ್ನ ಕೆಲಸವನ್ನು ಮನೆಯಿಂದ ಮಾಡುವ ವ್ಯವಸ್ಥೆ ಆಯಿತು, ಹಾಗಾಗಿ ಮಧ್ಯಾಹ್ನ ಕರೆತರುವ ಜವಾಬ್ದಾರಿ ನನ್ನದು.

ಅರ್ಧ ದಿನ ಅಂದರೆ ಮೂರು ಗಂಟೆ. ಬಿಟ್ಟು ಬರಲು ಅರ್ಧ ಗಂಟೆ, ಮತ್ತೆ ಹೋಗಿ ಕರೆತರಲು ಅರ್ಧ ಗಂಟೆ. ನಡುವೆ ನನಗೆ ಸಿಗುತ್ತಿದ್ದದ್ದು ಎರಡು ಗಂಟೆ. ಅಷ್ಟರಲ್ಲಿ ಒಂದು ಕೆಲಸ ಕೈಗೆತ್ತಿಕೊಂಡರೆ ಮುಗಿಯುವುದಿಲ್ಲ, ಬಿಟ್ಟರೆ ಮನಸ್ಸು ಒಪ್ಪುವುದಿಲ್ಲ. ಉಳಿದದ್ದೆಲ್ಲ ರಾತ್ರಿ ಅವಳು ಮಲಗಿದ ಮೇಲೆ. ಅರ್ಧ ದಿನ ಅಂದಾಗ ಮಗುವಿನ ದಿನವನ್ನು ಮಾತ್ರ ಲೆಕ್ಕ ಹಾಕಿದ್ದೆವು, ನನ್ನ ದಿನ ಯಾರ ಲೆಕ್ಕದಲ್ಲೂ ಇರಲಿಲ್ಲ.

ಅಳು ಮಾತ್ರ ನಿಂತಿತು, ಅದು ನಿಜ. ಹಗಲು ನಿದ್ದೆ ವಾಪಸ್ ಬಂತು. ಎರಡು ವಾರದೊಳಗೆ ಶೂ ಬಿಚ್ಚೋದು ಬರೀ ಶೂ ಬಿಚ್ಚೋದಾಯಿತು. ನಾವು ಗೆದ್ದೆವು ಅಂದುಕೊಂಡೆವು.

ಆದರೆ ಎದ್ದ ಮೇಲಿನ ಹೊತ್ತಿಗೆ ನಾವು ಏನೂ ಯೋಚಿಸಿರಲಿಲ್ಲ. ನಾನು ಲ್ಯಾಪ್‌ಟಾಪ್ ಮುಂದೆ, ಅವಳು ಟಿವಿ ಮುಂದೆ. ಅದೇ ನೋಟ್‌ಬುಕ್‌ನಲ್ಲಿ ಒಂದು ದಿನ ಬರೆದು ನೋಡಿದೆ, ಎರಡೂವರೆ ಗಂಟೆ ಕಾರ್ಟೂನ್. ಅದೇ 2019ರ ಸಲಹೆಯಲ್ಲಿ ಈ ವಯಸ್ಸಿಗೆ ಕೂತು ಪರದೆ ನೋಡುವುದು ಒಂದು ಗಂಟೆ ಮೀರಬಾರದು, ದಿನಕ್ಕೆ ಕನಿಷ್ಠ ಮೂರು ಗಂಟೆ ಮೈಕೈ ಆಡಬೇಕು ಅಂತಿದೆ. ಶಾಲೆಯಿಂದ ಬಿಡಿಸಿ ತಂದ ಮೂರು ಗಂಟೆಯನ್ನು ಟಿವಿಗೆ ಒಪ್ಪಿಸಿದ್ದೆ.

ಇನ್ನೊಂದು ಗೊತ್ತಾಗಿದ್ದು ಅವಳ ಬಾಯಿಂದಲೇ. ಒಂದೇ ತರಗತಿಯಲ್ಲಿ ಅರ್ಧ ದಿನದವರೂ ಪೂರ್ತಿ ದಿನದವರೂ ಇದ್ದರು. ಮಧ್ಯಾಹ್ನ ಇವಳು ಚೀಲ ಹಾಕಿಕೊಂಡು ನಿಂತರೆ ಉಳಿದವರು ಸಾಲಾಗಿ ಕೈತೊಳೆಯಲು ಹೋಗುತ್ತಿದ್ದರು. ಒಂದು ದಿನ ದಾರಿಯಲ್ಲಿ ಹೇಳಿದಳು, "ಅಪ್ಪಾ, ಚೆನ್ನಾಗಿರೋದೆಲ್ಲ ನಾನು ಹೋದ್ಮೇಲೆ ಮಾಡ್ತಾರೆ." ನಾನು ನಕ್ಕು ಸುಮ್ಮನಾದೆ. ಆಮೇಲೆ ಟೀಚರನ್ನು ಕೇಳಿದರೆ ಅವಳು ಹೇಳಿದ್ದು ಸರಿಯೇ ಇತ್ತು. ಬೆಳಗ್ಗೆ ಎಲ್ಲರೂ ಇರುವಾಗ ಅಕ್ಷರ, ಅಂಕಿ, ಬರೆಯುವುದು. ಮರಳು, ಮರದ ತುಂಡು, ವೇಷ ಹಾಕೋದು ಎಲ್ಲ ಮಧ್ಯಾಹ್ನಕ್ಕೆ. "ಏನ್ಮಾಡೋದು ಸರ್, ಮೂರು ಗಂಟೇಲಿ ಆಟಕ್ಕೆ ಟೈಮೇ ಸಾಕಾಗಲ್ಲ" ಅಂದರು. ಅವರದ್ದು ತಪ್ಪು ಅನ್ನಲಾರೆ. ಮೂರು ಗಂಟೆಯಲ್ಲಿ ಮಕ್ಕಳು ಚೀಲ ಇಟ್ಟು ಕೂರಲು ಇಪ್ಪತ್ತು ನಿಮಿಷ, ತಿಂಡಿಗೆ, ಶೌಚಕ್ಕೆ ಹೋಗಿಬರಲು ಅರ್ಧ ಗಂಟೆ, ಹೊರಡುವ ಗಡಿಬಿಡಿಗೆ ಇನ್ನೊಂದಿಷ್ಟು. ಉಳಿದದ್ದರಲ್ಲಿ ಅಪ್ಪ ಅಮ್ಮ ಕೇಳುವುದು ಅಕ್ಷರವನ್ನೇ ತಾನೇ.

ಶಿಶುವಿಹಾರ ಶುರುವಾಗಿದ್ದು ಆಟಕ್ಕೆ ಅನ್ನೋದು ಇಲ್ಲಿ ನೆನಪಾಗುತ್ತದೆ. ಶಿಕ್ಷಣತಜ್ಞ ಫ್ರೆಡ್ರಿಕ್ ಫ್ರೋಬೆಲ್ 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಇಂಥ ಮೊದಲ ಜಾಗ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ಚೆಂಡು, ಮರದ ತುಂಡು, ಹಾಡು. ತೋಟ ಅನ್ನೋದು ಬರೀ ಹೋಲಿಕೆಯಲ್ಲ, ಮಕ್ಕಳು ಅಗೆದು ಬೆಳೆಸಲು ಅವರದ್ದೇ ಆದ ಪುಟ್ಟ ಪಾತಿಗಳೂ ಇರುತ್ತಿದ್ದವು.

ಅಕ್ಷರದ ಚಿಂತೆ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ. ಪೂರ್ತಿ ದಿನದ ಮಕ್ಕಳು ಮುಂದೆ ಹೋಗಿಬಿಟ್ಟರೆ? ಹುಡುಕುತ್ತಾ ಹೋದಾಗ 2010ರಲ್ಲಿ ಅಮೆರಿಕದ ಸಂಶೋಧಕರು ಅಲ್ಲಿಯವರೆಗಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದ್ದು ಸಿಕ್ಕಿತು. ಶಿಶುವಿಹಾರದ ವರ್ಷ ಮುಗಿಯುವ ಹೊತ್ತಿಗೆ ಪೂರ್ತಿ ದಿನದ ಮಕ್ಕಳು ಕಲಿಕೆಯಲ್ಲಿ ಸ್ವಲ್ಪ ಮುಂದೆ ಇದ್ದರು. ಮೂರನೇ ತರಗತಿ ಹೊತ್ತಿಗೆ ಆ ವ್ಯತ್ಯಾಸ ಮಾಯವಾಗಿತ್ತು. ಅದು ಸರಾಸರಿ ಮಾತು, ನಿಮ್ಮ ಮಗುವಿನದ್ದೋ ನನ್ನದೋ ಅಲ್ಲ. ಮನೆಯಲ್ಲಿ ಪುಸ್ತಕ ಓದಿ ಹೇಳಲು ಯಾರಿಗೂ ಬಿಡುವಿಲ್ಲದಿದ್ದರೆ, ಅಥವಾ ಮನೆಮಾತು ಒಂದು, ಶಾಲೆಯ ಭಾಷೆ ಇನ್ನೊಂದು ಆಗಿದ್ದರೆ, ನಾನು ಪೂರ್ತಿ ದಿನದ ಕಡೆಗೇ ವಾಲುತ್ತಿದ್ದೆ. ನಮ್ಮ ಮನೆಗೆ ಮಾತ್ರ ಇದರಿಂದ ಒಂದು ಭಾರ ಇಳಿಯಿತು. ಅಕ್ಷರದ ವಿಷಯವನ್ನು ತಕ್ಕಡಿಯಿಂದ ತೆಗೆದುಬಿಟ್ಟೆವು. ಉಳಿದದ್ದು ನಿದ್ದೆ, ಆಟ, ಮತ್ತು ಮನೆಯಲ್ಲಿ ಆ ಹೊತ್ತಿಗೆ ಯಾರು ಇರುತ್ತಾರೆ ಅನ್ನೋದು.

ಚಿಕ್ಕವನ ಸರದಿ ಬಂದಾಗ ಅವನಿಗೂ ನಾಲ್ಕು. ಅಕ್ಕನ ಅನುಭವದಿಂದ ಹೆದರಿ ಅರ್ಧ ದಿನ ಅಂತಲೇ ಹೊರಟಿದ್ದೆವು. ಆದರೆ ಈ ಸಲ ಶಾಲೆಗಳನ್ನು ನೋಡಲು ಮಧ್ಯಾಹ್ನ ಒಂದೂವರೆಗೆ ಹೋದೆ. ಮೊದಲನೆಯ ಕಡೆ ಒಳಗೆ ಬಿಡಲಿಲ್ಲ, ಮಕ್ಕಳಿಗೆ ತೊಂದರೆ ಆಗುತ್ತದೆ ಅಂದರು. ಅದೂ ನ್ಯಾಯವೇ, ಮಲಗಿದ ಮಕ್ಕಳ ನಡುವೆ ಅಪರಿಚಿತ ಗಂಡಸು ಓಡಾಡುವುದು ಯಾರಿಗೆ ಬೇಕು. ಆದರೆ ಕಿಟಕಿಯಿಂದ ನೋಡಲಾ ಅಂದರೂ ಬೇಡ ಅಂದಾಗ ವಾಪಸ್ ಬಂದೆ. ಎರಡನೆಯ ಕಡೆ ಬೆಳಗಿನ ಟೀಚರ್ ಊಟಕ್ಕೆ ಮುಂಚೆಯೇ ಹೊರಟು ಹೋಗಿದ್ದರು. ಇಡೀ ಮಧ್ಯಾಹ್ನಕ್ಕೆ ಒಬ್ಬರೇ ಆಯಾ. ಪಾಪ, ಅವರ ಮುಖದಲ್ಲೇ ಸುಸ್ತು. ಎಲ್ಲ ದೀಪ ಆರಿಸಿ ನಿದ್ದೆ ಬಂದವರನ್ನೂ ಬಾರದವರನ್ನೂ ಸಾಲಾಗಿ ಮಲಗಿಸಿದ್ದರು. ಒಂದು ಮಗು ತಲೆ ಎತ್ತಿದರೆ "ಶ್!". ನನ್ನ ಮಗಳು ಕಣ್ಣು ಮುಚ್ಚಿಕೊಂಡು ಬಿದ್ದಿರುತ್ತಿದ್ದದ್ದು ಹೀಗೇ ಇರಬೇಕು ಅಂತ ಅಲ್ಲೇ ನಿಂತು ಹೊಟ್ಟೆ ಕಿವುಚಿದಂತಾಯಿತು.

ಮೂರನೆಯದು ನೋಡಲು ಸಾಧಾರಣ. ಗೋಡೆಯ ಬಣ್ಣ ಕೂಡ ಹಳೆಯದು. ಆದರೆ ಬೆಳಗಿನ ಟೀಚರೇ ಮಧ್ಯಾಹ್ನವೂ ಇದ್ದರು. ನಿದ್ದೆ ಬಂದವರು ಒಂದು ಮೂಲೆಯಲ್ಲಿ ಮಲಗಿದ್ದರು, ಬಾರದ ನಾಲ್ಕೈದು ಮಕ್ಕಳು ಇನ್ನೊಂದು ಮೂಲೆಯಲ್ಲಿ ಪುಸ್ತಕ ಮಗುಚುತ್ತಿದ್ದರು. ನಾನು ಇರುವಾಗಲೇ ಒಬ್ಬ ಹುಡುಗ ಎದ್ದು ಅಳಲು ಶುರುಮಾಡಿದ. ಕಣ್ಣು ಗಡಿಯಾರದ ಮೇಲೆ ಹೋಯಿತು. ನಿಮಿಷವೂ ಆಗಿರಲಿಲ್ಲ, ಟೀಚರ್ ಬಂದು ಪಕ್ಕದಲ್ಲಿ ಕೂತರು. ಎರಡೂವರೆಗೆ ಎಲ್ಲರೂ ಹೊರಗೆ, ಮಣ್ಣಿನಲ್ಲಿ. ಒಬ್ಬ ದೊಡ್ಡವರಿಗೆ ಎಷ್ಟು ಮಕ್ಕಳು, ಬಟ್ಟೆ ಒದ್ದೆಯಾದರೆ ಯಾರು ಬದಲಾಯಿಸುತ್ತಾರೆ, ನಡುವರ್ಷದಲ್ಲಿ ಅರ್ಧ ದಿನಕ್ಕೆ ಇಳಿಯಬಹುದಾ, ಇವೆಲ್ಲ ಕೇಳಿದೆ. ಇಳಿಯಬಹುದು ಅಂತ ಬರೆದೇ ಕೊಟ್ಟರು. ಶುಲ್ಕ ಮಾತ್ರ ಅರ್ಧ ಆಗುವುದಿಲ್ಲವಂತೆ. ಅರ್ಧ ದಿನಕ್ಕೆ ಅರ್ಧ ದುಡ್ಡು ಅನ್ನೋದನ್ನು ನಾನು ಎಲ್ಲೂ ಕಂಡಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ, "ಅಲ್ಲಿಯ ಮಧ್ಯಾಹ್ನ ನಮ್ಮ ಮನೆಯ ಮಧ್ಯಾಹ್ನಕ್ಕಿಂತ ಚೆನ್ನಾಗಿದೆ." ಅವಳು ಒಂದು ನಿಮಿಷ ಸುಮ್ಮನಿದ್ದು, "ಟಿವಿ ಇಲ್ವಾ ಅಲ್ಲಿ?" ಅಂದಳು. ಇರಲಿಲ್ಲ.

ಒಮ್ಮೆಲೇ ಪೂರ್ತಿ ದಿನ ಬಿಡಲಿಲ್ಲ. ಮೊದಲ ಎರಡು ವಾರ ಊಟದ ಹೊತ್ತಿಗೆ ಕರೆತಂದೆ, ಮೂರನೇ ವಾರ ಊಟ ಮುಗಿಸಿದ ಮೇಲೆ, ಆಮೇಲೆ ಪೂರ್ತಿ. ವಾರದ ನಡುವೆ ಉಸಿರಾಡಲಿ ಅಂತ ಬುಧವಾರ ಮಾತ್ರ ಮಧ್ಯಾಹ್ನವೇ ಮನೆಗೆ. ಸಂಜೆ ಬಂದ ಕೂಡಲೇ "ಇವತ್ತು ಏನು ಕಲಿತೆ" ಅಂತ ಯಾರೂ ಕೇಳಬಾರದು ಅನ್ನೋದು ಮನೆಯ ನಿಯಮ. ಏನಾದರೂ ತಿನ್ನೋಕೆ ಕೊಟ್ಟು ಅರ್ಧ ಗಂಟೆ ಅವನ ಪಾಡಿಗೆ ಬಿಡುತ್ತೇವೆ. ಅವನು ಹೆಚ್ಚಾಗಿ ಬಾಗಿಲ ಹತ್ತಿರ ನೆಲದ ಮೇಲೆ ಬಿದ್ದುಕೊಂಡು ಸೂರು ನೋಡುತ್ತಾನೆ, ಒಂದು ಕಾಲಲ್ಲಿ ಶೂ ಇರುತ್ತದೆ. ರಾತ್ರಿ ಎಂಟಕ್ಕೆ ಹಾಸಿಗೆ. ಇದರಲ್ಲಿ ಮಾತ್ರ ರಾಜಿ ಇಲ್ಲ, ನೆಂಟರು ಬಂದರೂ.

ನೋಟ್‌ಬುಕ್ ಇವನಿಗೂ ಬರೆಯುತ್ತಿದ್ದೇನೆ. ಅಳುವ ದಿನಗಳು ಇಲ್ಲ ಅಂತೇನೂ ಇಲ್ಲ, ಶುಕ್ರವಾರ ಸ್ವಲ್ಪ ಜಾಸ್ತಿ. ಆದರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಬುಧವಾರದ ಅರ್ಧ ದಿನವನ್ನು ಮಾತ್ರ ಮುಂದಿನ ತಿಂಗಳಿಂದ ಬಿಟ್ಟುಬಿಡೋಣ ಅಂತ ಇದ್ದೇವೆ. ಅವನಿಗೇ ಬೇಡವಂತೆ. ಬುಧವಾರ ಮಧ್ಯಾಹ್ನ ಎಲ್ಲರೂ ಸೇರಿ ಗಿಡಕ್ಕೆ ಗುಂಡಿ ತೋಡುತ್ತಾರಂತೆ, ಇವನ ಗಿಡದ ಗುಂಡಿಯನ್ನು ಬೇರೆ ಯಾರೋ ತೋಡಿಬಿಟ್ಟರಂತೆ.